ಡಾಕ್ಟರ್ ಥಾಂಪ್ಸನ್ನರ ಬೆಕ್ಕು

ಜೋಸೆಫ್ ಥಾಂಪ್ಸನ್ನರು (1874–1943) ಅಮೆರಿಕದ ನೌಕಾಪಡೆಯಲ್ಲಿ ವೈದ್ಯರಾಗಿದ್ದವರು. 1930ರಲ್ಲಿ ಬರ್ಮಾ ದೇಶದಿಂದ ಬಂದ ವಾಂಗ್ ಮಾವ್ ಎಂಬ ಕಂದು ಬಣ್ಣದ ಹೆಣ್ಣು ಬೆಕ್ಕು ಅವರ ಕೈಸೇರಿತು. ಬಣ್ಣಗೆಟ್ಟ ಸಯಾಮೀಸ್ ಬೆಕ್ಕೆಂದು ಹಲವರು ಅದನ್ನು ಕಡೆಗಣಿಸಿದರು. ಥಾಂಪ್ಸನ್ನರು ವಾದಕ್ಕಿಳಿಯದೆ ಪ್ರಯೋಗಕ್ಕೆ ತೊಡಗಿದರು. ಸಯಾಮೀಸ್ ಗಂಡಿನಿಂದ ಅದಕ್ಕೆ ಹುಟ್ಟಿದ ಮರಿಗಳಲ್ಲಿ ಕೆಲವು ತಂದೆಯನ್ನೂ ಕೆಲವು ತಾಯಿಯನ್ನೂ ಹೋತವು. ತಾಯಿಯನ್ನು ಹೋತವುಗಳ ಸಂತತಿಯಲ್ಲಿ ಗಾಢ ಕಂದು ಮರಿಗಳು ಕಾಣಿಸಿಕೊಂಡು, ಅದೇ ಬಣ್ಣವನ್ನು ತಮ್ಮ ಪೀಳಿಗೆಗೂ ಉಳಿಸಿದವು. ವಾಂಗ್ ಮಾವ್ ಮಿಶ್ರ ಸಂತಾನವೆಂದೂ, ಅದರೊಳಗೆ ಬೇರೊಂದು ತಳಿ ಅಡಗಿದೆಯೆಂದೂ ಸಿದ್ಧವಾಯಿತು.

1936ರಲ್ಲಿ ಅಮೆರಿಕದ ಬೆಕ್ಕುಸಾಕಣೆಯ ಸಂಘವು ‘ಬರ್ಮೀಸ್’ ತಳಿಗೆ ಮಾನ್ಯತೆ ನೀಡಿತು. ಥಾಂಪ್ಸನ್ನರು ತೀರಿಕೊಂಡ ಬಳಿಕ, ಸಾಕುವವರು ಸಯಾಮೀಸ್ ಬೆರಕೆಯನ್ನು ಬಿಡದಿದ್ದುದರಿಂದ, 1947ರಲ್ಲಿ ಆ ಮಾನ್ಯತೆ ತಪ್ಪಿತು. ತಳಿ ಮತ್ತೆ ಶುದ್ಧಿಗೊಂಡಾಗ, 1950ರ ದಶಕದಲ್ಲಿ ಅದು ಮರಳಿತು. ಗಳಿಸಿದ ಮನ್ನಣೆಯನ್ನು ಕಾಯುವುದಕ್ಕೂ ಗಳಿಸುವಾಗಿನಷ್ಟೇ ತಾಳ್ಮೆ ಬೇಕು.