ಶ್ರೀ ಎಸ್. ಆರ್. ಕಂಠಿ: ಏಕೀಕೃತ ರಾಜ್ಯದ ವಿಧಾನಸಭೆಯ ಪ್ರಥಮ ಸಭಾಧ್ಯಕ್ಷರು

ಕೃಷ್ಣಾ ನದಿ ದಂಡೆಯ ಗಲಗಲಿ ಗ್ರಾಮದ ನಾಗರಿಕರೊಬ್ಬರು ತಾಲ್ಲೂಕು ಕಚೇರಿಗೆ ಸಲ್ಲಿಸಿದ ಅರ್ಜಿಯು ಸಾಮಾನ್ಯವಾಗಿ ಅದೇ ಕಚೇರಿಯಲ್ಲಿ ಇತ್ಯರ್ಥವಾಗುತ್ತದೆ. ಇತ್ಯರ್ಥವಾಗದ ವಿಷಯವನ್ನು ಕ್ಷೇತ್ರದ ಶಾಸಕರು ರಾಜ್ಯ ವಿಧಾನಸಭೆಯಲ್ಲಿ ಪ್ರಸ್ತಾಪಿಸಲು ಅವಕಾಶವಿರುತ್ತದೆ. ಅಲ್ಲಿ ಯಾವ ವಿಷಯಕ್ಕೆ ಯಾವಾಗ, ಎಷ್ಟು ಸಮಯ ದೊರೆಯಬೇಕು ಎಂಬುದು ಸದನದ ನಿಯಮಗಳು ಮತ್ತು ಸಭಾಧ್ಯಕ್ಷರ ನಿರ್ಣಯವನ್ನು ಅವಲಂಬಿಸಿದೆ. 1956ರಲ್ಲಿ ಕನ್ನಡ ಪ್ರದೇಶಗಳು ಒಂದುಗೂಡಿದ ನಂತರ ಈ ಹೊಣೆಯನ್ನು ಮೊದಲಿಗೆ ನಿರ್ವಹಿಸಿದವರು ಇದೇ ಜಿಲ್ಲೆಯ ಶ್ರೀ ಶಿವಲಿಂಗಪ್ಪ ರುದ್ರಪ್ಪ ಕಂಠಿರವರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಸದನ ಸೇವೆಯ ಸಂಕ್ಷಿಪ್ತ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಸಾರ್ವಜನಿಕ ಜೀವನ

ಶ್ರೀ ಕಂಠಿರವರು 1908ರ ಡಿಸೆಂಬರ್ ತಿಂಗಳಿನಲ್ಲಿ ಅಂದಿನ ಅವಿಭಜಿತ ಬಿಜಾಪುರ ಜಿಲ್ಲೆಯ ಕೆರೂರಿನಲ್ಲಿ ಜನಿಸಿದರು. 1997ರಲ್ಲಿ ಬಿಜಾಪುರ ಜಿಲ್ಲೆಯನ್ನು ವಿಭಜಿಸಿದಾಗ ಕೆರೂರು ಮತ್ತು ಗಲಗಲಿ ಎರಡೂ ಬಾಗಲಕೋಟೆ ಜಿಲ್ಲೆಗೆ ಸೇರಿದವು. ವೃತ್ತಿಯಿಂದ ವಕೀಲರಾಗಿದ್ದ ಶ್ರೀಯುತರು ರಾಷ್ಟ್ರೀಯ ಚಳವಳಿ ಹಾಗೂ ಕರ್ನಾಟಕ ಏಕೀಕರಣದ ಕಾಲದಲ್ಲಿ ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು.

ಆಗ ಬಿಜಾಪುರ ಜಿಲ್ಲೆಯು ಮುಂಬೈ ರಾಜ್ಯದ ಭಾಗವಾಗಿತ್ತು. ಸಂವಿಧಾನದ ಅನ್ವಯ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ, 1952ರಲ್ಲಿ, ಶ್ರೀ ಕಂಠಿರವರು ಮುಂಬೈ ವಿಧಾನಸಭೆಯ ಉಪ ಸಭಾಧ್ಯಕ್ಷರಾಗಿ ಆಯ್ಕೆಯಾದರು. ಮರಾಠಿ, ಗುಜರಾತಿ ಮತ್ತು ಕನ್ನಡ ಪ್ರದೇಶಗಳ ಸದಸ್ಯರಿದ್ದ ಆ ದೊಡ್ಡ ಸದನದಲ್ಲಿ ಅವರು 1956ರ ಅಕ್ಟೋಬರ್ ಅಂತ್ಯದವರೆಗೆ ಈ ಸ್ಥಾನದಲ್ಲಿದ್ದರು. ಭಿನ್ನ ಭಾಷೆಗಳ ಸದಸ್ಯರನ್ನು ಒಂದೇ ನಿಯಮಾವಳಿಯ ಅಡಿಯಲ್ಲಿ ನಡೆಸುವ ಅನುಭವ ಅವರಿಗೆ ಅಲ್ಲಿ ದೊರೆಯಿತು.

ಏಕೀಕೃತ ಸದನದ ಸಭಾಧ್ಯಕ್ಷರಾಗಿ

1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯವು ಅಸ್ತಿತ್ವಕ್ಕೆ ಬಂದಿತು. ಹಳೆಯ ಮೈಸೂರು, ಮುಂಬೈ, ಹೈದರಾಬಾದ್, ಮದರಾಸು ಮತ್ತು ಕೊಡಗು ಎಂಬ ಐದು ಆಡಳಿತಗಳ ಪ್ರದೇಶಗಳು ಇದರಲ್ಲಿ ಸೇರಿದ್ದವು. ಸದಸ್ಯರು ತಮ್ಮ ತಮ್ಮ ಹಿಂದಿನ ಶಾಸನಸಭೆಗಳ ರೂಢಿಗಳನ್ನು ಜೊತೆಯಲ್ಲಿ ತಂದಿದ್ದರು. ಕಂದಾಯ, ಗೇಣಿ, ಪಂಚಾಯಿತಿ ಮುಂತಾದ ವಿಷಯಗಳಲ್ಲಿ ಒಂದೊಂದು ಪ್ರದೇಶದಲ್ಲಿ ಒಂದೊಂದು ಕಾಯಿದೆ ಜಾರಿಯಲ್ಲಿತ್ತು. ಬೆಂಗಳೂರಿನಲ್ಲಿ ನೂತನವಾಗಿ ನಿರ್ಮಿಸಲಾದ ವಿಧಾನಸೌಧದಲ್ಲಿ 1956ರ ಡಿಸೆಂಬರ್ 19ರಂದು ಅಧಿವೇಶನವು ಆರಂಭವಾಯಿತು. ಅಂದೇ ಶ್ರೀ ಕಂಠಿರವರನ್ನು ಸಭಾಧ್ಯಕ್ಷರನ್ನಾಗಿ ಚುನಾಯಿಸಲಾಯಿತು.

1957ರ ಚುನಾವಣೆಯಲ್ಲಿ ಅವರು ಹುನಗುಂದ ಕ್ಷೇತ್ರದಿಂದ ಆಯ್ಕೆಯಾಗಿ, ಹೊಸ ಸದನದಲ್ಲಿಯೂ ಸಭಾಧ್ಯಕ್ಷರಾಗಿ ಮುಂದುವರಿದರು. 208 ಸ್ಥಾನಗಳ ಆ ಸದನದಲ್ಲಿ ಆಡಳಿತ ಪಕ್ಷವಾದ ಕಾಂಗ್ರೆಸ್ 150 ಸ್ಥಾನಗಳನ್ನು ಪಡೆದಿತ್ತು. ಮತ ಎಣಿಕೆಯಿಂದಲೇ ಎಲ್ಲವೂ ತೀರ್ಮಾನವಾಗುವುದಾದರೆ ವಿರೋಧ ಪಕ್ಷದ ಸದಸ್ಯರಿಗೆ ಮಾತನಾಡುವ ಸಮಯವೂ ಉಳಿಯಲಾರದು. ಆದುದರಿಂದಲೇ ಸದನದ ಸಮಯವು ಸರ್ಕಾರಕ್ಕೆ ಮಾತ್ರವಲ್ಲದೆ ಇಡೀ ಸದನಕ್ಕೆ ಸೇರಿದುದು ಎಂಬ ತತ್ವದ ಮೇಲೆ ನಿಯಮಗಳು ರಚಿತವಾಗಿವೆ. ಈ ತತ್ವದ ಪಾಲಕರು ಸಭಾಧ್ಯಕ್ಷರು. ಅವರು ಸಾಮಾನ್ಯವಾಗಿ ಮತ ಚಲಾಯಿಸುವುದಿಲ್ಲ. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ ನೀಡುತ್ತಾರೆ.

ಕಲಾಪಗಳ ಕ್ರಮ

ಸಂವಿಧಾನದ 174ನೇ ಅನುಚ್ಛೇದದ ಪ್ರಕಾರ ಅಧಿವೇಶನವನ್ನು ರಾಜ್ಯಪಾಲರು ಕರೆಯುತ್ತಾರೆ. ಒಂದು ಅಧಿವೇಶನದ ಕೊನೆಯ ಉಪವೇಶನಕ್ಕೂ ಮುಂದಿನ ಅಧಿವೇಶನದ ಮೊದಲ ಉಪವೇಶನಕ್ಕೂ ನಡುವೆ ಆರು ತಿಂಗಳ ಅಂತರ ಇರುವಂತಿಲ್ಲ. ಸದನ ಸೇರಿದ ಬಳಿಕ ಯಾವ ವಿಧೇಯಕ ಅಥವಾ ಚರ್ಚೆಗೆ ಎಷ್ಟು ಸಮಯ ಮೀಸಲಿಡಬೇಕೆಂಬುದನ್ನು ಸಭಾಧ್ಯಕ್ಷರ ಅಧ್ಯಕ್ಷತೆಯ ಕಲಾಪ ಸಲಹಾ ಸಮಿತಿಯು ಶಿಫಾರಸು ಮಾಡುತ್ತದೆ. ದಿನದ ಕಾರ್ಯಕಲಾಪಗಳ ಪಟ್ಟಿಯನ್ನು ಸದಸ್ಯರಿಗೆ ಮುಂಚಿತವಾಗಿ ನೀಡಲಾಗುತ್ತದೆ. ಸಾಮಾನ್ಯವಾಗಿ ಮೊದಲ ಅವಧಿಯು ಪ್ರಶ್ನೋತ್ತರಕ್ಕೆ ಮೀಸಲು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿಯೇ ಉತ್ತರಿಸಬೇಕಾಗುತ್ತದೆ ಮತ್ತು ಸದಸ್ಯರು ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ದೊರೆಯುತ್ತದೆ.

ಸದನದ ಹತ್ತನೇ ಒಂದು ಭಾಗದಷ್ಟು ಸದಸ್ಯರು ಹಾಜರಿಲ್ಲದಿದ್ದಲ್ಲಿ ಕಲಾಪ ನಡೆಯುವಂತಿಲ್ಲ. ಭಾಷೆಯ ವಿಷಯದಲ್ಲಿ ಸಂವಿಧಾನದ 210ನೇ ಅನುಚ್ಛೇದವು ಸಭಾಧ್ಯಕ್ಷರಿಗೆ ಒಂದು ವಿಶೇಷ ಅಧಿಕಾರವನ್ನು ನೀಡಿದೆ. ಸದನದ ಭಾಷೆಗಳಲ್ಲಿ ತನ್ನ ವಿಚಾರವನ್ನು ಸಮರ್ಪಕವಾಗಿ ಹೇಳಲಾಗದ ಸದಸ್ಯನಿಗೆ ಅವರು ಮಾತೃಭಾಷೆಯಲ್ಲಿ ಮಾತನಾಡಲು ಅನುಮತಿಸಬಹುದು. ಐದು ಆಡಳಿತಗಳಿಂದ ಬಂದ ಸದಸ್ಯರಿದ್ದ ಸದನಕ್ಕೆ ಈ ಅವಕಾಶವು ಅಗತ್ಯವಾದುದಾಗಿತ್ತು. ಕನ್ನಡವನ್ನು ಆಡಳಿತ ಭಾಷೆಯನ್ನಾಗಿಸುವ ಕಾಯಿದೆ ಬಂದುದು 1963ರಲ್ಲಿ.

ಶ್ರೀ ಕಂಠಿರವರ ಅವಧಿಯಲ್ಲಿ ಬೇರೆ ಬೇರೆ ಪ್ರದೇಶಗಳ ಕಾನೂನುಗಳನ್ನು ಏಕರೂಪಗೊಳಿಸುವ ಕಾರ್ಯವು ಸದನದ ಮುಂದಿತ್ತು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಹಾಗೂ 1961ರ ಭೂಸುಧಾರಣಾ ಕಾಯಿದೆ ಈ ಅವಧಿಯ ಮುಖ್ಯ ಶಾಸನಗಳು. 1958ರಿಂದ 1962ರವರೆಗೆ ಮುಖ್ಯಮಂತ್ರಿಗಳಾಗಿದ್ದವರು ಜಮಖಂಡಿ ತಾಲ್ಲೂಕಿನ ಸಾವಳಗಿಯ ಶ್ರೀ ಬಿ. ಡಿ. ಜತ್ತಿರವರು. ಹೀಗೆ ಸರ್ಕಾರದ ನಾಯಕರು ಮತ್ತು ಸಭಾಧ್ಯಕ್ಷರು ಇಬ್ಬರೂ ಒಂದೇ ಜಿಲ್ಲೆಯವರೂ ಒಂದೇ ಪಕ್ಷದಿಂದ ಬಂದವರೂ ಆಗಿದ್ದರು. ಇಂತಹ ಸಂದರ್ಭದಲ್ಲಿ ಸಭಾಧ್ಯಕ್ಷ ಪೀಠದ ನಿಷ್ಪಕ್ಷಪಾತತೆಗೆ ಇನ್ನೂ ಹೆಚ್ಚಿನ ಮಹತ್ವವಿರುತ್ತದೆ.

ಮುಖ್ಯಮಂತ್ರಿ ಸ್ಥಾನ ಮತ್ತು ಅದರ ತ್ಯಾಗ

1962ರ ಚುನಾವಣೆಯಲ್ಲಿ ಹಿರಿಯ ನಾಯಕರಾದ ಶ್ರೀ ಎಸ್. ನಿಜಲಿಂಗಪ್ಪನವರು ಹೊಸದುರ್ಗ ಕ್ಷೇತ್ರದಲ್ಲಿ ಪರಾಭವಗೊಂಡರು. ಹುನಗುಂದದಿಂದ ಪುನಃ ಆಯ್ಕೆಯಾಗಿದ್ದ ಶ್ರೀ ಕಂಠಿರವರು 1962ರ ಮಾರ್ಚ್ 14ರಂದು ಮುಖ್ಯಮಂತ್ರಿಗಳಾಗಿ ಅಧಿಕಾರ ಸ್ವೀಕರಿಸಿದರು. ಸಭಾಧ್ಯಕ್ಷ ಸ್ಥಾನಕ್ಕೆ ಶ್ರೀ ವೈಕುಂಠ ಬಾಳಿಗಾರವರು ಬಂದರು. ಬಾಗಲಕೋಟೆ ಕ್ಷೇತ್ರದ ಶಾಸಕರಾಗಿದ್ದ ಶ್ರೀ ಬಿ. ಟಿ. ಮುರನಾಳರವರು ರಾಜೀನಾಮೆ ನೀಡಿ ಸ್ಥಾನ ತೆರವು ಮಾಡಿದ ನಂತರ ಶ್ರೀ ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಜೂನ್ ತಿಂಗಳಿನಲ್ಲಿ ಶ್ರೀ ಕಂಠಿರವರು ಮುಖ್ಯಮಂತ್ರಿ ಸ್ಥಾನವನ್ನು ಅವರಿಗೆ ಬಿಟ್ಟುಕೊಟ್ಟರು. ಅವರು ಆ ಸ್ಥಾನದಲ್ಲಿದ್ದುದು ಸುಮಾರು ಮೂರು ತಿಂಗಳು ಮಾತ್ರ.

ನಂತರ ಅವರು ಶ್ರೀ ನಿಜಲಿಂಗಪ್ಪನವರ ಸಚಿವ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ಕಾರ್ಯನಿರ್ವಹಿಸಿದರು. 1963ರಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ಸ್ಥಾಪನೆಯಾಗುವಲ್ಲಿ ಅವರ ಪಾತ್ರವನ್ನು ಜಿಲ್ಲೆಯ ಜನತೆ ಸ್ಮರಿಸುತ್ತಾರೆ. ತಾವು ಅಲಂಕರಿಸಿದ್ದ ಸ್ಥಾನದ ಅಡಿಯಲ್ಲಿಯೇ ಸಚಿವರಾಗಿ ಸೇವೆ ಸಲ್ಲಿಸಿದುದು ಅಪರೂಪದ ನಡವಳಿಕೆ. ಅಧಿಕಾರವು ತನ್ನದಲ್ಲ, ಒಂದು ಅವಧಿಗೆ ತನ್ನ ಕೈಗೆ ಒಪ್ಪಿಸಿದುದು ಎಂಬ ತಿಳಿವಳಿಕೆಯು ಸಭಾಧ್ಯಕ್ಷ ಪೀಠಕ್ಕೂ ಅವಶ್ಯ, ಮುಖ್ಯಮಂತ್ರಿ ಪೀಠಕ್ಕೂ ಅವಶ್ಯ. ಶ್ರೀ ಕಂಠಿರವರು 1969ರ ಡಿಸೆಂಬರ್‌ನಲ್ಲಿ ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ಇಂದು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆ 224. ವರ್ಷದಲ್ಲಿ ಕನಿಷ್ಠ 60 ದಿನಗಳ ಕಾಲ ಸದನವು ಸೇರಬೇಕೆಂದು 2005ರ ಕಾಯಿದೆಯು ವಿಧಿಸಿದೆ; ಅನೇಕ ವರ್ಷಗಳಲ್ಲಿ ಈ ಸಂಖ್ಯೆಯನ್ನು ತಲುಪಲಾಗಿಲ್ಲ. ಉತ್ತರ ಕರ್ನಾಟಕದ ವಿಷಯಗಳಿಗೆ ಆದ್ಯತೆ ದೊರೆಯಲೆಂದು ಬೆಳಗಾವಿಯಲ್ಲಿ ನಿರ್ಮಿಸಲಾದ ಸುವರ್ಣ ವಿಧಾನಸೌಧವು 2012ರಲ್ಲಿ ಉದ್ಘಾಟನೆಗೊಂಡಿತು. ಸೇವೆಗಳನ್ನು ನಿಗದಿತ ಅವಧಿಯಲ್ಲಿ ನೀಡುವ 'ಸಕಾಲ' ವ್ಯವಸ್ಥೆಯೂ 2011ರಲ್ಲಿ ವಿಧಾನಮಂಡಲವು ಅಂಗೀಕರಿಸಿದ ಕಾಯಿದೆಯ ಫಲವಾಗಿದೆ.

ಅರ್ಜಿದಾರರು ಪ್ರತಿ ಅರ್ಜಿಗೂ ಸ್ವೀಕೃತಿ ಪತ್ರವನ್ನು ಪಡೆದು ಕಾಯ್ದಿರಿಸಿಕೊಳ್ಳತಕ್ಕದ್ದು. ಅವಧಿ ಮೀರಿದಲ್ಲಿ ಮೊದಲು ಸಂಬಂಧಪಟ್ಟ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ಅನೇಕರಿಗೆ ಸಂಬಂಧಿಸಿದ ಸಾರ್ವಜನಿಕ ವಿಷಯವಾಗಿದ್ದಲ್ಲಿ, ದಾಖಲೆಗಳೊಂದಿಗೆ ಅದನ್ನು ಕ್ಷೇತ್ರದ ಶಾಸಕರ ಗಮನಕ್ಕೆ ತರಬಹುದು. ಪ್ರಶ್ನೆಗಳಿಗೆ ಮುಂಚಿತವಾಗಿ ಸೂಚನೆ ನೀಡಬೇಕಾಗಿರುವುದರಿಂದ ಅಧಿವೇಶನ ಆರಂಭವಾಗುವ ಸಾಕಷ್ಟು ಮೊದಲೇ ವಿವರಗಳನ್ನು ಒದಗಿಸುವುದು ಸೂಕ್ತ. ಸದನದ ಸಮಯದಲ್ಲಿ ಗಲಗಲಿಯ ನಾಗರಿಕರಿಗೂ ಪಾಲಿದೆ.