ಮತವಿಲ್ಲದವರಿಗೆ ದನಿಯಾದ ಪತ್ರಿಕೋದ್ಯಮಿ

ಡೌನ್‌ಟೌನ್ ಬೆಲ್ವ್ಯೂವಿನ ಬೀದಿಗಳಲ್ಲಿ ಇಂದು ಚೀನೀ ಮಾತು ಸಹಜವಾಗಿ ಕಿವಿಗೆ ಬೀಳುತ್ತದೆ. ಆದರೆ ವಾಷಿಂಗ್ಟನ್ ಸರೋವರದ ಆಚೆ ದಡದ ಸಿಯಾಟಲ್‌ನಲ್ಲಿ, 1886ರ ಫೆಬ್ರವರಿಯಲ್ಲಿ, ಉದ್ರಿಕ್ತ ಗುಂಪೊಂದು ಚೀನೀಯರ ಮನೆಗಳಿಗೆ ನುಗ್ಗಿ ಅವರನ್ನು ಹಡಗು ಹತ್ತಿಸಲು ಬಂದರಿಗೆ ಅಟ್ಟಿತ್ತು. ಅಂಥ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಚೀನೀಯರಿಗೆ ಅಚ್ಚಿನಲ್ಲಿ ದನಿ ಕೊಟ್ಟವರು ಇಂಗ್ ಪೂನ್ ಚ್ಯೂ.

1866ರಲ್ಲಿ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಜನಿಸಿದ ಅವರು 1881ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ಮರುವರ್ಷವೇ ಚೀನೀ ಕಾರ್ಮಿಕರ ಪ್ರವೇಶವನ್ನು ತಡೆಯುವ ಕಾಯಿದೆ ಜಾರಿಯಾಯಿತು. ಅದಾಗಲೇ ನೆಲೆಸಿದ್ದವರಿಗೂ ಅದು ಪೌರತ್ವದ ಬಾಗಿಲು ಮುಚ್ಚಿತು. ಮನೆಗೆಲಸದ ಹುಡುಗನಾಗಿ ದುಡಿದ ಇಂಗ್, ಮುಂದೆ ದೇವಶಾಸ್ತ್ರ ಓದಿ 1892ರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಯಾದರು.

1899ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಚೀನೀ ವಾರಪತ್ರಿಕೆಯೊಂದನ್ನು ಆರಂಭಿಸಿದ ಅವರು, 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚುಂಗ್ ಸಾಯ್ ಯಾತ್ ಪೋ ಎಂಬ ದಿನಪತ್ರಿಕೆಯನ್ನು ಸ್ಥಾಪಿಸಿದರು. ಚೀನೀ ಲಿಪಿಯ ಪತ್ರಿಕೆಗೆ ಆಗ ಸಾವಿರಾರು ಬಗೆಯ ಅಚ್ಚುಮೊಳೆಗಳು ಬೇಕಿದ್ದವು. ಒಂದೊಂದನ್ನೂ ಕೈಯಿಂದ ಆಯ್ದು ಜೋಡಿಸಬೇಕಿತ್ತು. ಆ ಶ್ರಮದ ಹಾಳೆಗಳು ವಲಸಿಗರ ಹಕ್ಕು, ಹೆಣ್ಣುಮಕ್ಕಳ ಶಿಕ್ಷಣ, ಪಾದ ಕಟ್ಟುವ ಪದ್ಧತಿಯ ನಿವಾರಣೆಗಳನ್ನು ಪ್ರತಿಪಾದಿಸಿದವು.

1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಲಸೆ ಅಧಿಕಾರಿಗಳು ಸನ್ ಯಾತ್ ಸೆನ್ ಅವರನ್ನು ತಡೆಹಿಡಿದಾಗ ಬಿಡುಗಡೆಗೆ ನೆರವಾದವರಲ್ಲಿ ಇಂಗ್ ಒಬ್ಬರು. ಮರುವರ್ಷ ಪ್ಯಾಟ್ರಿಕ್ ಹೀಲಿ ಅವರೊಡನೆ ಬಹಿಷ್ಕಾರದ ಕಾಯಿದೆಯ ಅನ್ಯಾಯವನ್ನು ಇಂಗ್ಲಿಷಿನಲ್ಲಿ ನಿರೂಪಿಸುವ ಪುಸ್ತಿಕೆ ಹೊರತಂದರು. 1906ರ ಭೂಕಂಪ ಮತ್ತು ಬೆಂಕಿ ಮುದ್ರಣಾಲಯವನ್ನು ನಾಶಮಾಡಿದವು. ಪತ್ರಿಕೆ ನಿಲ್ಲಲಿಲ್ಲ, ಕೊಲ್ಲಿಯಾಚೆಯ ಓಕ್‌ಲೆಂಡ್‌ನಿಂದ ಪ್ರಕಟವಾಗುತ್ತ, ಚೈನಾಟೌನನ್ನು ಹಳೆಯ ಜಾಗದಲ್ಲಿಯೇ ಮರಳಿ ಕಟ್ಟಬೇಕೆಂದು ಓದುಗರನ್ನು ಹುರಿದುಂಬಿಸಿತು. ಇಂಗ್ ಸ್ವತಃ ಊರೂರು ತಿರುಗಿ, ನಗೆ ಬೆರೆಸಿದ ಉಪನ್ಯಾಸಗಳಿಂದ ಬಿಳಿಯರ ಸಭೆಗಳನ್ನು ಒಲಿಸಿಕೊಂಡರು.

1931ರಲ್ಲಿ ಅವರು ನಿಧನರಾದಾಗ ಆ ಕಾಯಿದೆ ಇನ್ನೂ ಜೀವಂತವಾಗಿತ್ತು. ಅದು ರದ್ದಾದದ್ದು 1943ರಲ್ಲಿ. ಪತ್ರಿಕೆ 1951ರವರೆಗೆ ನಡೆಯಿತು.

ಈ ಕಥೆ ನಮಗೆ ಹೊರಗಿನದಲ್ಲ. ಬೆಲ್ವ್ಯೂವಿನ ಉತ್ತರಕ್ಕಿರುವ ಬೆಲಿಂಗ್‌ಹ್ಯಾಮ್‌ನಲ್ಲಿ 1907ರಲ್ಲಿ ಭಾರತೀಯ ಕಾರ್ಮಿಕರನ್ನೂ ಹೀಗೆಯೇ ಹೊರದಬ್ಬಲಾಯಿತು. ಭಾರತೀಯರಿಗೆ ಪೌರತ್ವದ ಹಾದಿಯನ್ನು ಕಾನೂನು ತೆರೆದದ್ದು 1946ರಲ್ಲಿ, ಚೀನೀಯರಿಗೆ ತೆರೆದ ಮೂರು ವರ್ಷಗಳ ಬಳಿಕ. ಇಂದು ಇಲ್ಲಿ ಪೌರತ್ವದ ಪ್ರಮಾಣ ಸ್ವೀಕರಿಸುವ ಕನ್ನಡಿಗನೂ ಇಂಗ್ ಪೂನ್ ಚ್ಯೂ ಅವರಂಥವರಿಗೆ ಋಣಿ.