ಥಾಮಸ್ ಹಾಜ್‌ಕಿನ್

ಮನುಷ್ಯನ ಹೆಸರೊಂದು ‘ಅಲ್ಲದ’ ಎಂಬ ನಿಷೇಧದೊಡನೆ ಲೋಕದಲ್ಲಿ ಉಳಿಯುವುದು ವಿಚಿತ್ರವೇ ಸರಿ. ಮೂತ್ರಕೋಶದಲ್ಲಿ ಬಲು ಅಪರೂಪವಾಗಿ ತಲೆದೋರುವ ಲಿಂಫೋಮಾ ಎಂಬ ಅರ್ಬುದವನ್ನು ವೈದ್ಯರು ಸಾಮಾನ್ಯವಾಗಿ ‘ಹಾಜ್‌ಕಿನ್ ಅಲ್ಲದ’ ಗುಂಪಿಗೆ ಸೇರಿಸುತ್ತಾರೆ. ನಮ್ಮ ಶಿವಮೊಗ್ಗೆಯ ರಾಗಿಗುಡ್ಡದ ಮನೆಯೊಂದಕ್ಕೆ ಅಂಥ ವರದಿ ಬಂದರೆ, ಈ ಹಾಜ್‌ಕಿನ್ ಯಾರೆಂದು ಮನೆಯವರು ಕೇಳುವುದು ಸಹಜ.

ಆತನು 1798ರಲ್ಲಿ ಲಂಡನ್ನಿನ ಪೆಂಟನ್‌ವಿಲ್‌ನಲ್ಲಿ, ಕ್ವೇಕರ್ ಪಂಥದ ಮನೆತನದಲ್ಲಿ ಜನಿಸಿದನು. ಸರಳವಾದ ಉಡುಪು, ಮಿತವಾದ ಮಾತು, ಮನುಷ್ಯರೆಲ್ಲ ಸಮಾನರೆಂಬ ನಂಬಿಕೆ, ಇವು ಆತನಿಗೆ ಹುಟ್ಟಿನಿಂದ ಬಂದ ಬಳುವಳಿ. ಪ್ಯಾರಿಸ್ಸಿನಲ್ಲಿ ಲೆನೆಕ್ ಪಂಡಿತನಿಂದ ಸ್ಟೆತಸ್ಕೋಪಿನ ಬಳಕೆಯನ್ನು ಕಲಿತನು. 1823ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದನು. ಬಳಿಕ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಶವಪರೀಕ್ಷೆಯೂ ವಸ್ತುಸಂಗ್ರಹದ ಪಾಲನೆಯೂ ಆತನ ಪಾಲಿಗೆ ಬಂದುವು. ಬದುಕಿದ್ದಾಗ ವೈದ್ಯರಿಗೆ ಒಡೆಯದ ಒಗಟನ್ನು ಸತ್ತ ಮೇಲೆ ದೇಹವೇ ಬಿಡಿಸಿ ಹೇಳುವ ಎಡೆ ಅದು.

1832ರಲ್ಲಿ ಆತನು ಏಳು ರೋಗಿಗಳ ವೃತ್ತಾಂತವನ್ನು ಬರೆದನು. ಅವರ ದುಗ್ಧರಸ ಗ್ರಂಥಿಗಳೂ ಗುಲ್ಮವೂ ಊದಿದ್ದುವು. ಗ್ರಂಥಿ ಊದಿದರೆ ಅದು ಕ್ಷಯ ಅಥವಾ ಬೇರೊಂದು ಉರಿಯೂತದ ಫಲವೆಂದು ತಿಳಿಯುವುದು ಅಂದಿನ ವಾಡಿಕೆ. ಹಾಜ್‌ಕಿನ್ ಹಾಗೆ ಒಪ್ಪಲಿಲ್ಲ. ಇದು ಗ್ರಂಥಿಗಳದೇ ಮೂಲವ್ಯಾಧಿ ಎಂದು ಸೂಚಿಸಿದನು. ಸೂಕ್ಷ್ಮದರ್ಶಕವಿಲ್ಲದೆ ಬರಿಗಣ್ಣಿನಿಂದಲೇ ಮಾಡಿದ ನಿರ್ಣಯವಿದು! ವೈದ್ಯಸಂಘದ ಸದಸ್ಯನಲ್ಲದ ಕಾರಣ ಲೇಖನವನ್ನು ಅಲ್ಲಿ ಬೇರೊಬ್ಬರು ಓದಬೇಕಾಯಿತು. ಕೇಳಿದವರು ಬೇಗನೆ ಮರೆತರು.

1837ರಲ್ಲಿ ಗೈಸ್‌ನಲ್ಲಿ ಸಹಾಯಕ ವೈದ್ಯನ ಹುದ್ದೆ ತೆರವಾಯಿತು. ಉತ್ತರ ಅಮೆರಿಕದ ಮೂಲನಿವಾಸಿಗಳನ್ನು ಹಡ್ಸನ್ ಬೇ ಕಂಪೆನಿಯು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಹಾಜ್‌ಕಿನ್ ಖಂಡಿಸಿದ್ದನು. ಆಸ್ಪತ್ರೆಯ ಖಜಾಂಚಿ ಬೆಂಜಮಿನ್ ಹ್ಯಾರಿಸನ್ ಆ ಕಂಪೆನಿಯ ಆಡಳಿತಕ್ಕೆ ಸೇರಿದವನು. ಹುದ್ದೆ ಕೈತಪ್ಪಿತು. ಆತನು ಆಸ್ಪತ್ರೆಯನ್ನೇ ಬಿಟ್ಟನು. ಮೂಲನಿವಾಸಿಗಳ ರಕ್ಷಣೆಗಾಗಿ ಸಂಘವನ್ನು ಕಟ್ಟುವುದರಲ್ಲಿ ಅದೇ ವರ್ಷ ಮುಂದಾದನು. ಮೌನವಾಗಿದ್ದಿದ್ದರೆ ಹುದ್ದೆ ದೊರೆಯುತ್ತಿತ್ತೇನೋ. ಆದರೆ ಮೌನ ಆತನ ಸ್ವಭಾವವಲ್ಲ.

1865ರಲ್ಲಿ ಈ ರೋಗಕ್ಕೆ ಹಾಜ್‌ಕಿನ್‌ನ ಹೆಸರನ್ನಿಟ್ಟವನು ಅದೇ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್. ಮರುವರ್ಷ, ಮಿತ್ರ ಮೋಸೆಸ್ ಮಾಂಟಿಫಿಯೋರೆಯೊಡನೆ ಪಯಣಿಸುತ್ತಿದ್ದಾಗ, ಹಾಜ್‌ಕಿನ್ ಪ್ಯಾಲೆಸ್ತೀನಿನ ಜಾಫಾದಲ್ಲಿ ತೀರಿಕೊಂಡನು. ಸಮಾಧಿ ಅಲ್ಲಿಯೇ ಇದೆ.

ಸ್ಟರ್ನ್‌ಬರ್ಗ್ 1898ರಲ್ಲಿಯೂ ಡೊರೊಥಿ ರೀಡ್ 1902ರಲ್ಲಿಯೂ ಈ ರೋಗದ ದೈತ್ಯಕೋಶಗಳನ್ನು ಸೂಕ್ಷ್ಮದರ್ಶಕದಡಿ ಕಂಡು ವರ್ಣಿಸಿದರು. ಅವು ಹಾಜ್‌ಕಿನ್ ರೋಗದ ಗುರುತಾದುವು. ಉಳಿದ ಲಿಂಫೋಮಾಗಳಿಗೆ ‘ಅಲ್ಲದ’ ಎಂಬ ಪಟ್ಟ ಬಂದಿತು.

ಮೂತ್ರಕೋಶದ ಲಿಂಫೋಮಾ ಅಲ್ಲಿನ ಗಡ್ಡೆಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಮೂತ್ರದಲ್ಲಿ ರಕ್ತ, ಪದೇಪದೇ ಮೂತ್ರಬಾಧೆ: ಲಕ್ಷಣಗಳು ಸಾಮಾನ್ಯ ಅರ್ಬುದದವೇ. ಮೂತ್ರದ್ವಾರದಿಂದ ದರ್ಶಕನಳಿಗೆಯನ್ನು ಒಳಹೊಗಿಸಿ ನೋಡಿದರೂ ಭೇದ ಸ್ಪಷ್ಟವಾಗದು. ತುಣುಕನ್ನು ತೆಗೆದು, ಜೀವಕೋಶಗಳ ಗುರುತುಗಳನ್ನು ಬಣ್ಣಗಟ್ಟಿ ಪರೀಕ್ಷಿಸಲೇಬೇಕು. ರೋಗವು ಬೇರೆಡೆ ಹರಡಿದೆಯೇ ಎಂಬುದನ್ನೂ ಅರಸಬೇಕು. ಈ ವಿವೇಚನೆ ಪಾಂಡಿತ್ಯಪ್ರದರ್ಶನವಲ್ಲ. ಸಾಮಾನ್ಯ ಅರ್ಬುದವು ಸ್ನಾಯುವಿಗಿಳಿದರೆ ಮೂತ್ರಕೋಶವನ್ನೇ ತೆಗೆಯಬೇಕಾದೀತು. ಲಿಂಫೋಮಾ ಎಂದು ತಿಳಿದರೆ ಹೆಚ್ಚಾಗಿ ಅಂಗ ಉಳಿಯುತ್ತದೆ. ಮಂದಗತಿಯದಾಗಿ ಒಂದೆಡೆ ನಿಂತಿದ್ದರೆ ವಿಕಿರಣ ಸಾಕಾಗಬಹುದು. ಉಗ್ರವಾದುದಕ್ಕೆ ಹಲವು ಔಷಧಗಳನ್ನು ಕೂಡಿಸಿ ಕೊಡುತ್ತಾರೆ. ಅವುಗಳಲ್ಲೊಂದಾದ ವಿನ್‌ಕ್ರಿಸ್ಟೀನ್ ದೊರೆತುದು ನಮ್ಮ ಹಿತ್ತಿಲ ಕಾಶಿಕಣಗಿಲೆಯಿಂದ. ಹಾಗೆಂದು ಮನೆಯಲ್ಲಿ ಅರೆದು ಕುಡಿಯುವ ಮದ್ದು ಅದಲ್ಲ. ಬಲ್ಲ ವೈದ್ಯರು ಅಳೆದು ನರಕ್ಕೆ ಕೊಡತಕ್ಕದ್ದು.